ಬಕೀಟಿನಲ್ಲಿ ಕಲ್ಲುಪುಡಿ, ಬಾಗಿಲಲ್ಲಿ ಮರದ ಹೊಟ್ಟು: ಬೆರೆಸೋದು ತಪ್ಪಲ್ಲ, ಬಚ್ಚಿಡೋದು ತಪ್ಪು

ಪ್ಲಾಸ್ಟಿಕ್ ಕುರ್ಚಿಯ ಕಾಲು ಮುರಿದರೆ ಬೈಗುಳ ತಿನ್ನುವವನು ಯಾರು? ಅದನ್ನು ಅಚ್ಚು ಹಾಕಿದ ಕಾರ್ಖಾನೆಯವನಂತೂ ಅಲ್ಲ. ಅವನು ಯಾವ ಊರಿನವನೋ, ಅವನ ಹೆಸರೇನೋ, ಕೊಂಡವನಿಗೆ ಗೊತ್ತಿಲ್ಲ. ಎಷ್ಟೋ ಸಲ ಮಾರಿದವನಿಗೂ ಗೊತ್ತಿಲ್ಲ. ಬೈಗುಳ ತಿನ್ನುವವನು ತುಮಕೂರಿನ ಮಂಡಿಪೇಟೆಯಲ್ಲೋ, ಬಿ.ಎಚ್. ರಸ್ತೆಯಲ್ಲೋ ಬೆಳಿಗ್ಗೆ ಎದ್ದು ಬಾಗಿಲು ತೆರೆದು ಕೂತ ಅಂಗಡಿಯವನು.

"ಏನ್ ಸಾಹುಕಾರ್ರೇ, ಯುಗಾದಿಗೆ ಕೊಂಡಿದ್ದು, ಗಣೇಶನ ಹಬ್ಬಕ್ಕೇ ಕಾಲು ಮುರೀತಲ್ಲ! ಇದರೊಳಗೆ ಬರೀ ಸುಣ್ಣ ತುಂಬವ್ರಂತೆ?" ಅಂತ ಗಿರಾಕಿ ದಬಾಯಿಸುತ್ತಾನೆ. "ಅಣ್ಣಾ, ಮೇಲಿಂದ ಬಂದ ಮಾಲು. ನಾನೇನು ಒಳಗೆ ಇಣುಕಿ ನೋಡಿದ್ದೀನಾ?" ಅಂತ ಅಂಗಡಿಯವನು ಕೈ ಚೆಲ್ಲುತ್ತಾನೆ. ಇಬ್ಬರ ಮಾತೂ ನಿಜವೇ. ಒಳಗೆ ಏನಿದೆ, ಎಷ್ಟಿದೆ ಅನ್ನುವುದು ಇಬ್ಬರಿಗೂ ಗೊತ್ತಿಲ್ಲ. ಜಗಳದ ಬೇರು ಇರುವುದೇ ಇಲ್ಲಿ.

ಸುಣ್ಣ ತುಂಬುತ್ತಾರೆ ಎಂಬ ಪೇಟೆ ಮಾತು ಪೂರಾ ಸುಳ್ಳಲ್ಲ, ಪೂರಾ ನಿಜವೂ ಅಲ್ಲ. ಎಲೆಗೆ ಹಚ್ಚುವ ಸುಟ್ಟ ಸುಣ್ಣವನ್ನು ಯಾರೂ ತುಂಬುವುದಿಲ್ಲ. ತುಂಬುವುದು ಸುಣ್ಣದ ಕಲ್ಲನ್ನು ಅಥವಾ ಅಮೃತಶಿಲೆಯನ್ನು ನುಣ್ಣಗೆ ಬೀಸಿದ ಪುಡಿ. ಅದರ ಹೆಸರು ಕ್ಯಾಲ್ಸಿಯಂ ಕಾರ್ಬೊನೇಟ್. ಇದಲ್ಲದೆ ಬಳಪದ ಕಲ್ಲಿನ ಪುಡಿ, ಮರದ ಪುಡಿ, ಗಾಜಿನ ಎಳೆ ಇವೂ ಪ್ಲಾಸ್ಟಿಕ್ಕಿಗೆ ಸೇರುತ್ತವೆ. ಸೇರಿದ ಮಾತ್ರಕ್ಕೆ ಅದು ಕಲಬೆರಕೆ ಎಂದು ಕೂಗುವುದು ತಪ್ಪು. ಹಾಲಿಗೆ ನೀರು ಬೆರೆಸುವುದು ಬೇರೆ, ಗಾರೆಗೆ ಮರಳು ಬೆರೆಸುವುದು ಬೇರೆ. ಮರಳಿಲ್ಲದ ಗಾರೆ ನಿಲ್ಲುತ್ತದೆಯೇ?

ಅಜ್ಜಿಯ ಕಾಲದ ವಿದ್ಯೆ

ಈ ಬೆರೆಸುವ ವಿದ್ಯೆ ಫಾರಿನ್ನಿನಿಂದ ಬಂದ ಹೊಸ ಮಾಯೆಯೇನಲ್ಲ. ಹಳ್ಳಿಯಲ್ಲಿ ಮಣ್ಣಿನ ಗೋಡೆ ಹಾಕುವವರು ಮಣ್ಣನ್ನು ಹಾಗೇ ಮೆತ್ತುತ್ತಿರಲಿಲ್ಲ. ಹುಲ್ಲು ಕತ್ತರಿಸಿ ಹಾಕಿ, ತುಳಿದು, ಕೊಳೆಸಿ, ಆಮೇಲೆ ಗೋಡೆ ಏರಿಸುತ್ತಿದ್ದರು. ಮಣ್ಣು ಒಣಗುವಾಗ ಬಿರುಕು ಬಿಡುತ್ತದೆ. ಬಿರುಕು ಓಡದಂತೆ ಹುಲ್ಲಿನ ಎಳೆ ಹಿಡಿದು ನಿಲ್ಲಿಸುತ್ತದೆ. ಮನೆಯ ಅಜ್ಜಿಯರು ಹಳೇ ಕಾಗದ ನೆನೆಹಾಕಿ, ಮೆಂತ್ಯದ ಜೊತೆ ರುಬ್ಬಿ, ಬಿದಿರಿನ ಮೊರಕ್ಕೆ ಬಳಿಯುತ್ತಿದ್ದುದು ಅನೇಕರಿಗೆ ನೆನಪಿರಬಹುದು. ಕಾಗದವೆಂದರೆ ಮರದ ನಾರು, ಮೆಂತ್ಯವೆಂದರೆ ಅಂಟು. ನಾರು ಮತ್ತು ಅಂಟು ಸೇರಿ ಗಟ್ಟಿ ಪದಾರ್ಥ ಆಗುವುದನ್ನೇ ಇಂದಿನ ಎಂಜಿನಿಯರುಗಳು ಕಾಂಪೋಸಿಟ್ ಎನ್ನುತ್ತಾರೆ.

ಗುಬ್ಬಿ ಕಂಪನಿ ನಾಟಕಗಳ ಕಾಲದಲ್ಲಿ ರಂಗಗೀತೆಗಳನ್ನು ಜನ ಗ್ರಾಮೊಫೋನ್ ಪ್ಲೇಟಿನಲ್ಲಿ ಕೇಳುತ್ತಿದ್ದರಲ್ಲ, ಆ ಕಪ್ಪು ಪ್ಲೇಟು ಏನೆಂದುಕೊಂಡಿರಿ? ಅರಗು. ಅರಗಿನ ಹುಳು ಕೊಟ್ಟ ಅಂಟಿಗೆ ಕಲ್ಲಿನ ಪುಡಿ, ಹತ್ತಿಯ ಎಳೆ, ಕಾಡಿಗೆ ಬೆರೆಸಿ ಒತ್ತಿದ ಬಿಲ್ಲೆ ಅದು. ಅದರಲ್ಲಿ ಅರಗಿಗಿಂತ ಕಲ್ಲುಪುಡಿಯೇ ಜಾಸ್ತಿ. ಹಾಡಿನ ಹಿಂದೆ "ಸರ್" ಎಂದು ಕೇಳುತ್ತಿದ್ದ ಸದ್ದು ಬಹುಪಾಲು ಆ ಕಲ್ಲಿನ ಮೇಲೆ ಮುಳ್ಳು ಉಜ್ಜಿದ ಸದ್ದು.

1907ರಲ್ಲಿ ಅಮೆರಿಕದಲ್ಲಿ ನೆಲೆಸಿದ್ದ ಬೆಲ್ಜಿಯಂ ಮೂಲದ ಲಿಯೋ ಬೇಕ್‌ಲ್ಯಾಂಡ್ ಎಂಬ ರಸಾಯನ ಶಾಸ್ತ್ರಜ್ಞ ಬೇಕಲೈಟ್ ತಯಾರಿಸಿದ. ಪೂರ್ತಿ ಕೃತಕವಾದ ಮೊದಲ ಪ್ಲಾಸ್ಟಿಕ್ ಅದು. ಆದರೆ ಬರೀ ಬೇಕಲೈಟ್ ಗಾಜಿನಂತೆ ಬಿರುಸು, ಕೆಳಗೆ ಬಿದ್ದರೆ ಚೂರು. ಅದಕ್ಕೆ ಮರದ ಪುಡಿ ಬೆರೆಸಿದ ಮೇಲೆ ಪೆಟ್ಟು ತಡೆಯಿತು, ಅಚ್ಚಿನಲ್ಲಿ ಕುಗ್ಗುವುದೂ ಕಡಿಮೆಯಾಯಿತು. ಹಳೇ ಮನೆಗಳ ಕರೀ ಸ್ವಿಚ್ಚು, ಕುಕ್ಕರಿನ ಕರೀ ಹಿಡಿ, ಇವೆಲ್ಲ ಈ ಜಾತಿಯವು. ಸಾಮಾನ್ಯ ದರ್ಜೆಯ ಬೇಕಲೈಟ್ ಮಾಲಿನಲ್ಲಿ ಮೂರರಲ್ಲೊಂದು ಪಾಲಿನಿಂದ ಅರ್ಧದವರೆಗೂ ಮರದ ಪುಡಿ ಇರುವುದುಂಟು. ಆ ಸ್ವಿಚ್ಚುಗಳು ತಲೆಮಾರು ಕಂಡವು. ಮರದ ಹೊಟ್ಟು ತುಂಬಿ ಮೋಸ ಮಾಡಿದರು ಅಂತ ಯಾರಾದರೂ ದೂರಿದ್ದುಂಟೇ?

ಪೂರ್ವ ಜರ್ಮನಿಯಲ್ಲಿ ಕಾರಿನ ಮೈಗೆ ಉಕ್ಕಿನ ತಗಡು ಸಾಲದೆ ಬಂದಾಗ, ಅಲ್ಲಿನವರು ಹತ್ತಿಯ ರದ್ದಿ ನಾರನ್ನು ಬೇಕಲೈಟ್ ಜಾತಿಯ ಅಂಟಿನಲ್ಲಿ ಒತ್ತಿ ಟ್ರಾಬಾಂಟ್ ಕಾರಿಗೆ ಮೈ ಮಾಡಿದರು. 1957ರಿಂದ 1991ರವರೆಗೆ ಅಂಥ ಕಾರುಗಳು ಸುಮಾರು 30 ಲಕ್ಷ ತಯಾರಾದವು. ಬೆರಕೆ ಎಂದರೆ ಬೀದಿಪಾಲು ಎನ್ನುವವರು ಇದನ್ನು ನೆನಪಿಡಬೇಕು.

ಕಲ್ಲು ಮಾಡುವ ಕೆಲಸ

ಬಕೀಟು, ಕುರ್ಚಿ, ಡಬ್ಬಿಗಳಲ್ಲಿ ಹೆಚ್ಚಿನವು ಪಾಲಿಪ್ರೊಪಿಲೀನ್ ಅಥವಾ ಪಾಲಿಥೀನ್ ಎಂಬ ಪ್ಲಾಸ್ಟಿಕ್ಕಿನವು. ಇವು ಹಗುರ, ಆದರೆ ಸ್ವಲ್ಪ ಮೆತ್ತಗೆ. ಬಿಸಿಗೆ ಇನ್ನೂ ಮೆತ್ತಗಾಗುತ್ತವೆ. ಇವಕ್ಕೆ ಟಾಲ್ಕ್ ಬೆರೆಸಿದರೆ ಬಿಗಿ ಬರುತ್ತದೆ. ಟಾಲ್ಕ್ ಅಂದರೆ ಬೇರೇನೂ ಅಲ್ಲ, ಬಳಪದ ಕಲ್ಲಿನ ಮುಖ್ಯ ಖನಿಜ. ಮುಖಕ್ಕೆ ಹಾಕುವ ಪೌಡರಿನಲ್ಲಿ ಬಂದದ್ದೂ ಇದೇ. ಇದರ ಕಣ ಚಪ್ಪಟೆ, ಹಾಳೆ ಹಾಳೆಯಾಗಿರುತ್ತದೆ. ಪ್ಲಾಸ್ಟಿಕ್ಕಿನೊಳಗೆ ಹೆಂಚು ಹೊದಿಸಿದ ಹಾಗೆ ಕೂತು ಬಾಗದಂತೆ ತಡೆಯುತ್ತದೆ. ನೂರಕ್ಕೆ 40 ಪಾಲು ಟಾಲ್ಕ್ ಹಾಕಿದರೆ ಪಾಲಿಪ್ರೊಪಿಲೀನಿನ ಬಿಗಿತ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಕಾರಿನ ಡ್ಯಾಶ್‌ಬೋರ್ಡು, ಬಂಪರುಗಳಿಗೆ ಟಾಲ್ಕ್ ಬೆರೆಸುವುದು ಇದಕ್ಕೇ.

ಸುಣ್ಣದ ಕಲ್ಲಿನ ಪುಡಿಯ ಕಣ ದುಂಡಗೆ. ಅದರಿಂದ ಬರುವ ಬಿಗಿತ ಟಾಲ್ಕಿನಷ್ಟಲ್ಲ. ಆದರೂ ಕೆಲವೇ ಮೈಕ್ರಾನ್ ಗಾತ್ರಕ್ಕೆ ನುಣ್ಣಗೆ ಬೀಸಿ, ಮೇಲೆ ಸ್ಟಿಯರಿಕ್ ಆಮ್ಲದ ತೆಳು ಲೇಪ ಕೊಟ್ಟು, ಗಂಟಿಲ್ಲದಂತೆ ಹದವಾಗಿ ಕಲಸಿದರೆ ಅದೂ ಉಪಯೋಗದ ವಸ್ತುವೇ. ಅಚ್ಚಿನಲ್ಲಿ ಬೇಗ ಆರುತ್ತದೆ, ಸೊಟ್ಟಗಾಗುವುದು ಕಡಿಮೆ, ಬಿಳುಪು ಬರುತ್ತದೆ. ರಾಗಿ ಹಿಟ್ಟನ್ನು ಗಂಟಾಗದಂತೆ ತಿರುವಿದರೆ ಮುದ್ದೆ, ಅವಸರ ಮಾಡಿದರೆ ಗಂಟು. ಇಲ್ಲೂ ಅದೇ ಕಥೆ. ಪುಡಿ ಒರಟಾಗಿದ್ದರೆ, ಗಂಟು ಉಳಿದರೆ, ಅಳತೆ ಮೀರಿದರೆ, ಒಂದೊಂದು ಗಂಟೂ ಒಂದೊಂದು ಬಿರುಕಿನ ಬೀಜ. ಬಕೀಟು ಕಲ್ಲಿನ ಮೇಲೆ ಕುಕ್ಕಿದಾಗ ಸೀಳುವುದು ಅಲ್ಲಿಂದಲೇ.

ಹಾಗಂತ ಮುರಿದ ಕುರ್ಚಿಗೆಲ್ಲ ಕಲ್ಲುಪುಡಿಯನ್ನೇ ಹೊಣೆ ಮಾಡುವುದೂ ನ್ಯಾಯವಲ್ಲ. ಬಿಸಿಲು ತಡೆಯುವ ಮದ್ದು ಹಾಕದ ಪಾಲಿಪ್ರೊಪಿಲೀನ್ ಅಂಗಳದಲ್ಲಿ ಬಿದ್ದಿದ್ದರೆ ತಾನಾಗಿಯೇ ಬಿರುಸಾಗಿ ಮುರಿಯುತ್ತದೆ. ಕಾಲು ತೆಳುವಾಗಿ ಎರಕ ಹೊಯ್ದಿದ್ದರೂ ಮುರಿಯುತ್ತದೆ. ಮತ್ತೆ ಮತ್ತೆ ಕರಗಿಸಿದ ಹಳೇ ಮಾಲಾದರೂ ಅಷ್ಟೇ.

ಮರ ಮಾಡುವ ಕೆಲಸ

ಮರದ ನಾರಿನ ವಿಚಾರ ಇನ್ನೂ ನಾಜೂಕು. ಮರ ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕರಕಲಾಗತೊಡಗುತ್ತದೆ. ಆದ್ದರಿಂದ ಅದಕ್ಕಿಂತ ಕಡಿಮೆ ಬಿಸಿಯಲ್ಲಿ ಹದಕ್ಕೆ ಬರುವ ಪಾಲಿಥೀನ್, ಪಾಲಿಪ್ರೊಪಿಲೀನ್, ಪಿವಿಸಿ ಇಂಥವಕ್ಕೆ ಮಾತ್ರ ಮರ ಬೆರೆಸಲು ಸಾಧ್ಯ. ಬೆರೆಸುವ ಮುಂಚೆ ಪುಡಿಯನ್ನು ಚೆನ್ನಾಗಿ ಒಣಗಿಸಬೇಕು. ತೇವ ಉಳಿದರೆ ಒಳಗೆ ಆವಿ ಎದ್ದು ಹಲಗೆ ಗುಳ್ಳೆ ಗುಳ್ಳೆ.

ದೊಡ್ಡ ತೊಡಕು ಇನ್ನೊಂದಿದೆ. ಮರಕ್ಕೆ ನೀರಿನ ನೆಂಟಸ್ತಿಕೆ, ಪ್ಲಾಸ್ಟಿಕ್ಕಿಗೆ ಎಣ್ಣೆಯ ನೆಂಟಸ್ತಿಕೆ. ಎರಡೂ ಒಂದಕ್ಕೊಂದು ಅಂಟುವುದಿಲ್ಲ. ಆದ್ದರಿಂದ ನಡುವೆ ಒಬ್ಬ ದಲಾಲ ಬೇಕು. ಮಲೆಯಿಕ್ ಅನ್‌ಹೈಡ್ರೈಡ್ ಕೂಡಿಸಿದ ಪಾಲಿಪ್ರೊಪಿಲೀನ್ ಎಂಬುದು ಆ ದಲಾಲ. ಒಂದು ಕೈಯಲ್ಲಿ ಮರವನ್ನು ಹಿಡಿದು, ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ಕನ್ನು ಹಿಡಿಯುತ್ತದೆ. ನೂರಕ್ಕೆ ಎರಡರಿಂದ ಐದು ಪಾಲು ಹಾಕಿದರೆ ಸಾಕು, ಹಲಗೆಯ ಕಸುವೇ ಬೇರೆಯಾಗುತ್ತದೆ. ಇದನ್ನು ಬಿಟ್ಟು ಬರೀ ಹೊಟ್ಟು ಕಲಸಿದರೆ ನಾರು ಇದ್ದೂ ಇಲ್ಲದಂತೆ. ಭಾರ ಬಿದ್ದಾಗ ಪ್ಲಾಸ್ಟಿಕ್ಕಿನಿಂದ ಜಾರಿ ಬರುತ್ತದೆ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಕೇಂದ್ರ ಸರ್ಕಾರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಇಂಥ ದಲಾಲ ಪದಾರ್ಥಗಳ ಮೇಲೆಯೇ ಸಂಶೋಧನೆ ನಡೆದಿದೆ. ವಿದ್ಯೆ ದೂರದಲ್ಲಿಲ್ಲ, ಎರಡು ಗಂಟೆಯ ಬಸ್ ದಾರಿ.

ಈಗ ಡಬ್ಲ್ಯುಪಿಸಿ ಎಂಬ ಹೆಸರಿನಲ್ಲಿ ಬಾಗಿಲು, ಚೌಕಟ್ಟು, ಹಲಗೆಗಳು ಬರುತ್ತಿವೆ. ಮರ ಮತ್ತು ಪ್ಲಾಸ್ಟಿಕ್ಕಿನ ಕೂಟ ಎಂಬುದು ಆ ಮೂರು ಅಕ್ಷರದ ಅರ್ಥ. "ಗೆದ್ದಲು ಮುಟ್ಟೋಲ್ಲ, ನೀರು ಕುಡಿಯೋಲ್ಲ, ಲೈಫ್ ಲಾಂಗ್ ಸಾರ್" ಎಂಬುದು ಮಾರುವವರ ಮಂತ್ರ. ಮಾಲು ಒಳ್ಳೆಯದಾದರೆ ಬಚ್ಚಲ ಬಾಗಿಲಿಗೆ ಇದು ಸಾಮಾನ್ಯ ಮರಕ್ಕಿಂತ ವಾಸಿಯೇ. ಆದರೆ ಈ ಹೆಸರಿನ ಹಲಗೆಗಳಲ್ಲಿ ಎಷ್ಟೋ ಮುಖ್ಯವಾಗಿ ನೊರೆ ಎಬ್ಬಿಸಿದ ಪಿವಿಸಿ ಮತ್ತು ಸುಣ್ಣದ ಕಲ್ಲಿನ ಪುಡಿ. ಮರದ ಪಾಲು ಅಲ್ಪ. ಅದು ನೀರು ಕುಡಿಯದಿರುವುದು ಮರ ಇಲ್ಲದ್ದಕ್ಕೆ! ಇನ್ನು ಮರ ನಿಜವಾಗಿ ಹೆಚ್ಚು ಇರುವ ಹಲಗೆಯಲ್ಲಿ ಕೊಯ್ದ ಅಂಚು, ಸ್ಕ್ರೂ ಹೊಡೆದ ತೂತುಗಳಲ್ಲಿ ನಾರು ಹೊರಗೆ ಬಿದ್ದಿರುತ್ತದೆ. ಅಲ್ಲಿಂದ ನೀರು ನಿಧಾನವಾಗಿ ಏರಿ ಹಲಗೆ ಉಬ್ಬುತ್ತದೆ. ಮತ್ತೊಂದು ಗುಣ, ಸದಾ ಭಾರ ಹೊತ್ತರೆ ಪ್ಲಾಸ್ಟಿಕ್ ಕೂಟ ಮೆಲ್ಲಗೆ ಬಾಗುತ್ತಾ ಹೋಗುತ್ತದೆ. ದಿನಸಿ ಅಂಗಡಿಯ ಉದ್ದನೆ ಅಡ್ಡಹಲಗೆಗೆ ನಡುವೆ ಆಸರೆ ಕೊಡದೆ ಹಾಕಿದರೆ ವರ್ಷದಲ್ಲಿ ತೊಟ್ಟಿಲಾದೀತು. ಇದನ್ನು ಮಾರುವಾಗ ಯಾರು ಹೇಳುತ್ತಾರೆ?

ತಕ್ಕಡಿಯ ಲೆಕ್ಕ

ಈಗ ಅಂಗಡಿಯವರು ಕಿವಿಗೊಡಬೇಕಾದ ಲೆಕ್ಕ. ಪ್ಲಾಸ್ಟಿಕ್ ಸಾಮಾನು ಸಗಟಿನಲ್ಲಿ ಎಷ್ಟೋ ಕಡೆ ಕಿಲೋ ಲೆಕ್ಕದಲ್ಲಿ ಕೈ ಬದಲಾಗುತ್ತದೆ. ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ. ಒಂದು ಲೀಟರಿನಷ್ಟು ಗಾತ್ರಕ್ಕೆ ಸುಮಾರು 900 ಗ್ರಾಂ ತೂಗುತ್ತದೆ. ಅದೇ ಗಾತ್ರದ ಸುಣ್ಣದ ಕಲ್ಲು 2,700 ಗ್ರಾಂ. ಸರಿಯಾಗಿ ಮೂರು ಪಟ್ಟು.

ಒಂದು ಬಕೀಟು ಅಪ್ಪಟ ಪಾಲಿಪ್ರೊಪಿಲೀನಿನಲ್ಲಿ 500 ಗ್ರಾಂ ತೂಗುತ್ತದೆ ಎಂದಿಟ್ಟುಕೊಳ್ಳಿ. ಅದೇ ಅಚ್ಚಿನಲ್ಲಿ, ಅದೇ ದಪ್ಪಕ್ಕೆ, ತೂಕದಲ್ಲಿ ನೂರಕ್ಕೆ 40 ಪಾಲು ಕಲ್ಲುಪುಡಿ ಸೇರಿಸಿ ಹೊಯ್ದರೆ ಬಕೀಟು ಸುಮಾರು 680 ಗ್ರಾಂ ತೂಗುತ್ತದೆ. ಅದರಲ್ಲಿ ಪ್ಲಾಸ್ಟಿಕ್ ಸುಮಾರು 410 ಗ್ರಾಂ, ಕಲ್ಲು 270 ಗ್ರಾಂ. ಕೈಗೆತ್ತಿದವನು "ಆಹಾ, ಎಷ್ಟು ಗಟ್ಟಿ ಮಾಲು, ಭಾರ ಇದೆ" ಎಂದು ತಲೆದೂಗುತ್ತಾನೆ. ಕೊಟ್ಟದ್ದು 180 ಗ್ರಾಮಿನ ಹೆಚ್ಚು ದುಡ್ಡು. ಸಿಕ್ಕಿದ್ದು 90 ಗ್ರಾಂ ಕಡಿಮೆ ಪ್ಲಾಸ್ಟಿಕ್.

ಸಗಟು ಕೊಳ್ಳುವ ಅಂಗಡಿಯವನಿಗೆ ಪೆಟ್ಟು ಇನ್ನೂ ನೇರ. 68 ಕಿಲೋ ಮಾಲು ತರಿಸಿದರೆ ಅಪ್ಪಟದಲ್ಲಿ 136 ಬಕೀಟು ಬರಬೇಕು. ಕಲ್ಲು ಬೆರೆತದ್ದರಲ್ಲಿ ಬರುವುದು ನೂರೇ. ಕಿಲೋ ದರ ಒಂದೇ ಆದರೆ 36 ಬಕೀಟು ಗಾಳಿಗೆ ಹೋದ ಹಾಗೆ. ಕಲ್ಲುಪುಡಿಯ ಮಾಲಿಗೆ ಕಿಲೋ ದರ ಅಷ್ಟಕ್ಕಷ್ಟು ಇಳಿದರೆ ಮಾತ್ರ ವ್ಯಾಪಾರ ನೆಟ್ಟಗೆ. ಇಳಿಸಲು ಕೇಳಬೇಕಾದರೆ ಒಳಗೆ ಎಷ್ಟಿದೆ ಎಂಬುದು ಗೊತ್ತಿರಬೇಕು. ಮತ್ತೆ ಅದೇ ಮಾತಿಗೆ ಬಂತಲ್ಲ!

ಗುಜರಿಯವನ ಕಷ್ಟವೂ ಇಲ್ಲೇ ಇದೆ. ಹಳೇ ಪ್ಲಾಸ್ಟಿಕ್ಕನ್ನು ನೀರಿನ ತೊಟ್ಟಿಗೆ ಹಾಕಿ ತೇಲುವುದು ಬೇರೆ, ಮುಳುಗುವುದು ಬೇರೆ ಎಂದು ವಿಂಗಡಿಸುವ ಪದ್ಧತಿ ಇದೆ. ಕಲ್ಲು ತುಂಬಿದ ಬಕೀಟಿನ ಚೂರು ಪಿವಿಸಿಯ ಜೊತೆ ತಳ ಸೇರುತ್ತದೆ. ಮರುಬಳಕೆಗೆ ಒಳ್ಳೆ ಬೆಲೆ ಸಿಗಬೇಕಾದ ಮಾಲು ಕಸದ ಬೆಲೆಗೆ ಇಳಿಯುತ್ತದೆ.

ಒಂದು ಲೋಟ ನೀರು ಸಾಕು

ತೊಟ್ಟಿಯ ಈ ಉಪಾಯವನ್ನು ಅಂಗಡಿಯವರೂ ಗಿರಾಕಿಗಳೂ ಬಳಸಬಹುದು. ಮುರಿದ ಬಕೀಟಿನ ಚೂರೊಂದನ್ನು ಲೋಟದ ನೀರಿನಲ್ಲಿ ಅದ್ದಿ, ಅಂಟಿದ ಗಾಳಿಗುಳ್ಳೆ ಒರೆಸಿ ಬಿಡಿ. ಪಾಲಿಥೀನ್, ಪಾಲಿಪ್ರೊಪಿಲೀನ್ ಅಪ್ಪಟವಾಗಿದ್ದರೆ ತೇಲುತ್ತವೆ. ಕಲ್ಲುಪುಡಿ ನೂರಕ್ಕೆ 10ರಿಂದ 15 ಪಾಲು ದಾಟಿದರೆ ಮುಳುಗುತ್ತವೆ. ಪಿವಿಸಿ ಪೈಪು, ಬೇಕಲೈಟ್ ಹಿಡಿ ಮುಂತಾದವು ಏನೂ ಬೆರೆಸದಿದ್ದರೂ ಮುಳುಗುವ ಜಾತಿ. ಅವಕ್ಕೆ ಈ ಪರೀಕ್ಷೆ ನಡೆಯದು.

ಇನ್ನೊಂದು ಸೋಜಿಗ ನೋಡಿ. ಮರ ತೇಲುತ್ತದೆ, ಪಾಲಿಪ್ರೊಪಿಲೀನೂ ತೇಲುತ್ತದೆ. ಎರಡನ್ನೂ ಅರ್ಧರ್ಧ ಸೇರಿಸಿ ಒತ್ತಿದ ಹಲಗೆ ಮುಳುಗುತ್ತದೆ! ಮರ ತೇಲುವುದು ಅದರ ಹೊಟ್ಟೆಯೊಳಗಿನ ಗಾಳಿಯಿಂದ. ಯಂತ್ರದ ಒತ್ತಡದಲ್ಲಿ ಗಾಳಿ ಹೋಗಿ ಗಟ್ಟಿ ಮರ ಮಾತ್ರ ಉಳಿಯುತ್ತದೆ, ಅದು ನೀರಿಗಿಂತ ಒಂದೂವರೆ ಪಟ್ಟು ಭಾರ. ಆದ್ದರಿಂದ ಮುಳುಗಿದ್ದೆಲ್ಲ ಕೆಟ್ಟ ಮಾಲಲ್ಲ. ಮುಳುಗಿದರೆ ಒಳಗೆ ಬೇರೇನೋ ಇದೆ ಎಂದು ತಿಳಿದು, "ಏನದು, ಎಷ್ಟು?" ಎಂದು ಕೇಳಬೇಕು, ಅಷ್ಟೆ. ಬೆಂಕಿಗೆ ಹಿಡಿದು ಬೂದಿ ನೋಡುವ ಸಾಹಸ ಮಾತ್ರ ಯಾರೂ ಮಾಡಬಾರದು, ಹೊಗೆ ವಿಷ. ಸರಿಯಾದ ಕುಲುಮೆಯಲ್ಲಿ ಪ್ಲಾಸ್ಟಿಕ್ ಸುಟ್ಟು ಉಳಿದ ಕಲ್ಲಿನ ಅಂಶ ತೂಗುವುದು ಪ್ರಯೋಗಾಲಯದ ಕೆಲಸ. ಮೈಸೂರಿನಲ್ಲಿ ಕೇಂದ್ರ ಸರ್ಕಾರದ ಪ್ಲಾಸ್ಟಿಕ್ ಸಂಸ್ಥೆ ಸಿಪೆಟ್ ಇರುವುದು ಇಂಥ ಕೆಲಸಕ್ಕೂ ಸೇರಿ.

ಕಾಯಿದೆ ಏನನ್ನುತ್ತೆ?

2019ರ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈಯಿಂದ ಜಾರಿಯಲ್ಲಿದೆ. ಮಾಲಿನ ಗುಣಮಟ್ಟ, ಪ್ರಮಾಣ, ಶುದ್ಧತೆ, ಬೆಲೆ ತಿಳಿಯುವುದು ಗ್ರಾಹಕನ ಹಕ್ಕು ಎಂದು ಅದು ಬಾಯಿಬಿಟ್ಟು ಹೇಳಿದೆ. ಅಂಗಡಿಯವರು ಓದಲೇಬೇಕಾದ ಇನ್ನೊಂದು ಮಾತೂ ಅದರಲ್ಲಿದೆ. ತಯಾರಕ ಯಾರೆಂದೇ ಗೊತ್ತಿಲ್ಲದ ದೋಷದ ಮಾಲು ಮಾರಿ, ಅದರಿಂದ ಕೊಂಡವನಿಗೆ ಪೆಟ್ಟಾದರೆ, ಹೊಣೆ ಮಾರಿದವನ ತಲೆಗೇ ಬರಬಹುದು. ಮುದುಕಿಯೊಬ್ಬಳು ಕುರ್ಚಿ ಮುರಿದು ಬಿದ್ದು ಸೊಂಟ ಮುರಿದುಕೊಂಡರೆ, "ಮೇಲಿಂದ ಬಂದ ಮಾಲು" ಎಂಬ ಜವಾಬು ಜಿಲ್ಲಾ ಆಯೋಗದಲ್ಲಿ ನಿಲ್ಲುವುದು ಕಷ್ಟ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಒಳಗಿನ ದೂರಿಗೆ ಅಲ್ಲಿ ಶುಲ್ಕವೂ ಇಲ್ಲ. ದೂರು ಹೇಳಲು 1915 ಎಂಬ ಸಹಾಯವಾಣಿಯೂ ಇದೆ.

ಗುರುತು ಒತ್ತುವುದು ಆಗದ ಕೆಲಸವೇನಲ್ಲ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳ ಪ್ರಕಾರ ಒಂದು ಕ್ಯಾರಿ ಬ್ಯಾಗಿನ ಮೇಲೂ ತಯಾರಕನ ಹೆಸರು, ನೋಂದಣಿ ಸಂಖ್ಯೆ, ದಪ್ಪ ಇರಬೇಕು. ಕುಡಿಯುವ ನೀರಿನ ಪಿವಿಸಿ ಪೈಪಿಗೆ ಐಎಸ್ 4985 ಎಂಬ ಮಾನಕ ಇದೆ. ಕಲ್ಲುಪುಡಿ ಬೇಕಾಬಿಟ್ಟಿ ತುಂಬದಂತೆ ಪೈಪಿನ ಸಾಂದ್ರತೆಗೇ ಅದು ಗೆರೆ ಎಳೆದಿದೆ. ತರಕಾರಿ ಚೀಲಕ್ಕೂ ಪೈಪಿಗೂ ಇರುವ ಶಿಸ್ತು, ಮನುಷ್ಯ ಕೂರುವ ಕುರ್ಚಿಗೆ, ಹತ್ತಾರು ಸಾವಿರ ಸುರಿದು ಹಾಕಿಸುವ ಬಾಗಿಲಿಗೆ ಬೇಡವೇ?

ಆಗಬೇಕಾದ್ದು

ಒಂದನೆಯದು, ಕುರ್ಚಿ, ಬಕೀಟು, ಡಬ್ಲ್ಯುಪಿಸಿ ಹಲಗೆ ಇವುಗಳ ತಳದಲ್ಲಿ ಮೂರು ಸಾಲು ಒತ್ತಲಿ: ಮಾಡಿದವರ ಹೆಸರು, ಯಾವ ಪ್ಲಾಸ್ಟಿಕ್, ಬೆರೆಸಿದ್ದು ಏನು ಮತ್ತು ನೂರಕ್ಕೆ ಎಷ್ಟು. ಅಚ್ಚಿನಲ್ಲಿ ಒಮ್ಮೆ ಕೆತ್ತಿದರೆ ಮುಗಿಯಿತು. ಇದನ್ನು ಕಡ್ಡಾಯ ಮಾಡುವುದು ದಿಲ್ಲಿಯ ಕೆಲಸ. ಆದರೆ ಕೇಳುವುದು ಇಲ್ಲಿಂದಲೇ ಶುರುವಾಗಬೇಕು.

ಎರಡನೆಯದು, ಜಿಲ್ಲೆಯ ವರ್ತಕರು ಒಗ್ಗಟ್ಟಾಗಿ, ಹೆಸರಿಲ್ಲದ ಮಾಲು ಇಳಿಸುವುದಿಲ್ಲ, ಬಿಲ್ಲಿನಲ್ಲಿ ಬೆರಕೆಯ ಪ್ರಮಾಣ ಬರೆಯದೆ ಕಿಲೋ ಲೆಕ್ಕಕ್ಕೆ ಕೊಳ್ಳುವುದಿಲ್ಲ ಎಂದು ಗಟ್ಟಿ ಮನಸ್ಸು ಮಾಡಲಿ. ಒಬ್ಬ ಕೇಳಿದರೆ ಸಗಟಿನವನು ನಗುತ್ತಾನೆ, ಇಡೀ ಪೇಟೆ ಕೇಳಿದರೆ ನಗಲಾರ. ಇದರಿಂದ ಹೆಚ್ಚು ಲಾಭ ಆಗುವುದು ಗಿರಾಕಿಗಿಂತ ಅಂಗಡಿಯವರಿಗೇ.

ಮೂರನೆಯದು, ಜಿಲ್ಲಾಡಳಿತ ಮನಸ್ಸು ಮಾಡಿದರೆ ಪೇಟೆಯಿಂದ ಒಂದಿಷ್ಟು ಮಾದರಿ ಕೊಂಡು ಸಿಪೆಟ್‌ನಲ್ಲಿ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಬಸ್ ಸ್ಟ್ಯಾಂಡಿನ ಗೋಡೆಗೆ ಅಂಟಿಸುವುದೇನು ಮಹಾ ಖರ್ಚಿನ ಬಾಬತ್ತಲ್ಲ.

ನಾಲ್ಕನೆಯದು ಈ ಜಿಲ್ಲೆಯದೇ ಮಾತು. ತಿಪಟೂರು ಸೀಮೆಯಲ್ಲಿ ತೆಂಗಿನ ನಾರಿಗೆ ಬರವಿಲ್ಲ. ತುಮಕೂರಿನಿಂದ ಬೆಂಗಳೂರಿಗೆ ದಿನವೂ ಓಡಾಡುವ ಬಸ್ ಪ್ರಯಾಣಿಕರು ದಾಟಿ ಹೋಗುವ ಪೀಣ್ಯದಲ್ಲಿಯೇ ಕಾಯರ್ ಬೋರ್ಡಿನ ತಂತ್ರಜ್ಞಾನ ಸಂಸ್ಥೆ ಇದೆ. ತೆಂಗಿನ ನಾರನ್ನು ಬೇಕಲೈಟ್ ಜಾತಿಯ ಅಂಟಿನಲ್ಲಿ ಒತ್ತಿ ಹಲಗೆ ಮಾಡುವ ವಿದ್ಯೆ ಆಗಲೇ ಕೈಗೆ ಬಂದಿದೆ. ನಾರಿನ ಪ್ಲಾಸ್ಟಿಕ್ ಎಂದರೆ ಮೋಸದ ಮಾಲು ಎಂಬ ಕೆಟ್ಟ ಹೆಸರು ಪೇಟೆಯಲ್ಲಿ ಬೇರೂರಿದರೆ, ನಾಳೆ ಈ ಜಿಲ್ಲೆಯ ಹುಡುಗನೊಬ್ಬ ಹದವಾಗಿ ಕಲಸಿ, ದಲಾಲ ಪದಾರ್ಥ ಸರಿಯಾಗಿ ಹಾಕಿ, ಒಳ್ಳೆಯ ಹಲಗೆ ಮಾಡಿ ತಂದರೂ ಕೊಳ್ಳುವವರಿರುವುದಿಲ್ಲ. ಕಳ್ಳ ಮಾಲು ಕೊಲ್ಲುವುದು ಗಿರಾಕಿಯ ಜೇಬನ್ನಷ್ಟೇ ಅಲ್ಲ, ಒಳ್ಳೆ ಮಾಲಿನ ಮಾರುಕಟ್ಟೆಯನ್ನೂ.

ಕಲ್ಲು ಬೆರೆಸಲಿ, ಮರ ಬೆರೆಸಲಿ, ನಾರು ಬೆರೆಸಲಿ. ಬೆರೆಸಿದ್ದನ್ನು ಬರೆದು ಮಾರಲಿ. ಬರೆಯಲು ನಾಚಿಕೆಯಾಗುವಷ್ಟು ಬೆರೆಸಿದವನನ್ನು ಪೇಟೆಯೇ ಹೊರಗೆ ಹಾಕುತ್ತದೆ. ಸಂಬಂಧಪಟ್ಟವರು ಕಣ್ಣು ತೆರೆಯುವರೆ?